ಶಾಕುಹಾಚಿ ಕೇಳೋಕೆ ಶುರು ಮಾಡೋದು ಹೇಗೆ? ಮೊದಲ ಸಲ ಕೇಳೋರಿಗೆ ಹಂತ ಹಂತವಾಗಿ

"ಜಪಾನಿನ ಆ ಬಿದಿರು ಕೊಳಲು ಕೇಳ್ಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡ್ಲಿ?" ಅಂತ ಕೇಳೋರು ತುಂಬಾ ಜನ ಇದಾರೆ. ಆಮೇಲೆ ಅವರೇ ವಾಪಸ್ ಬಂದು "ಹತ್ತು ನಿಮಿಷ ಕೇಳ್ದೆ, ರಾಗಾನೂ ಇಲ್ಲ ತಾಳಾನೂ ಇಲ್ಲ, ಯಾರೋ ಸುಮ್ನೆ ಊದ್ತಾ ಕೂತ ಹಾಗಿತ್ತು" ಅಂತಾರೆ. ಪದೇ ಪದೇ ಅದೇ ಪ್ರಶ್ನೆ ಅದೇ ದೂರು ಬರ್ತಾ ಇರೋದ್ರಿಂದ ಎಲ್ಲಾ ಒಂದೇ ಕಡೆ ಬರೆದುಬಿಡೋಣ ಅಂತ ಕೂತಿದೀನಿ. ಮೊದಲೇ ಒಂದು ವಿಷ್ಯ ಹೇಳ್ಬಿಡ್ತೀನಿ, ಈ ಸಂಗೀತದಲ್ಲಿ ಲೆಕ್ಕ ಇರೋದು ಉಸಿರಿನದು. ಒಂದು ಉಸಿರು ಎಲ್ಲಿ ಶುರುವಾಯ್ತು, ಮಧ್ಯೆ ಏನೇನಾಯ್ತು, ಎಲ್ಲಿ ಮುಗೀತು ಅಂತ ಹಿಡ್ಕೊಂಡು ಕೇಳೋಕೆ ಬಂದ್ರೆ ಉಳಿದಿದ್ದು ನಿಧಾನಕ್ಕೆ ತಾನೇ ತೆರ್ಕೊಳುತ್ತೆ, ಅದು ಬರ್ದೇ ಇದ್ರೆ ನೂರು ರೆಕಾರ್ಡಿಂಗ್ ಕೇಳಿದ್ರೂ ಹೊರಗೇ ನಿಂತಿರ್ತೀವಿ.

ಏನೇನು ಬೇಕು

ದುಬಾರಿ ಸಾಮಾನು ಏನೂ ಬೇಡ. ಒಂದು ಸಾಧಾರಣ ಹೆಡ್‌ಫೋನ್ ಅಥವಾ ಇಯರ್‌ಫೋನ್ ಸಾಕು. ಮೊಬೈಲ್ ಸ್ಪೀಕರ್‌ನಲ್ಲಿ ಮಾತ್ರ ಕೇಳ್ಬೇಡಿ ದಯವಿಟ್ಟು, ಉಸಿರಿನ ಸದ್ದು, ಸ್ವರದ ಕೊನೇ ಎಳೆ, ಬೆರಳು ತಟ್ಟೋ ಸಣ್ಣ ಶಬ್ದ ಇವೆಲ್ಲ ಅಲ್ಲಿ ಮಾಯ ಆಗಿಬಿಡುತ್ತೆ, ಈ ಸಂಗೀತದ ಅರ್ಧ ಜೀವ ಇರೋದೇ ಅಲ್ಲಿ. ಆಮೇಲೆ ಸದ್ದಿಲ್ಲದ ಹದಿನೈದು ನಿಮಿಷ ಬೇಕು. ಬೆಳಗ್ಗೆ ಬೇಗ ಅಥವಾ ರಾತ್ರಿ ಮನೆ ಮಂದಿ ಮಲಗಿದ ಮೇಲೆ ಒಳ್ಳೇದು. ಕುಕ್ಕರ್ ಕೂಗ್ತಾ ಮಿಕ್ಸಿ ತಿರುಗ್ತಾ ಇರೋವಾಗ ಸಿನಿಮಾ ಹಾಡು ಕೇಳ್ಬಹುದು, ಇದು ಆಗಲ್ಲ.

ವಾಲ್ಯೂಮ್ ವಿಷ್ಯದಲ್ಲಿ ಒಂದು ಎಚ್ಚರಿಕೆ. ತುಂಬಾ ಕೃತಿಗಳು ಕೇಳ್ಸೋದೋ ಇಲ್ವೋ ಅನ್ನೋ ಅಷ್ಟು ಮೆಲ್ಲಗೆ ಶುರುವಾಗುತ್ತೆ, ಕೇಳಿಸ್ತಿಲ್ಲ ಅಂತ ನೀವು ವಾಲ್ಯೂಮ್ ಏರಿಸ್ತೀರ, ಮೂರು ನಿಮಿಷ ಆದ್ಮೇಲೆ ಒಂದು ದೊಡ್ಡ ಉಸಿರಿನ ಸ್ಫೋಟ ಬಂದು ಕಿವಿ ಗುಂಯ್ ಅನ್ನುತ್ತೆ. ಅದಕ್ಕೇ ಮೊದಲು ಮಧ್ಯದಲ್ಲಿ ಎಲ್ಲಾದ್ರೂ ಜೋರಾಗಿರೋ ಜಾಗ ಹಾಕಿ ವಾಲ್ಯೂಮ್ ಸರಿ ಮಾಡ್ಕೊಂಡು ಆಮೇಲೆ ಮೊದಲಿಂದ ಕೇಳಿ. ಆ್ಯಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಅಂತ ಸೆಟ್ಟಿಂಗ್ ಇದ್ರೆ, ಅಂದ್ರೆ ಎಲ್ಲಾ ಟ್ರ್ಯಾಕ್ ಒಂದೇ ಮಟ್ಟಕ್ಕೆ ತರೋದು, ಅದನ್ನ ಆಫ್ ಮಾಡಿ. ಬಾಸ್ ಬೂಸ್ಟ್ ಥರದ ಎಫೆಕ್ಟ್‌ಗಳನ್ನೂ ಆಫ್ ಮಾಡಿ.

1. ಯಾವ ಕೊಳಲು ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ

ಜಪಾನಲ್ಲಿ ಬಿದಿರು ಕೊಳಲು ಅಂದ್ರೆ ಒಂದೇ ಅಲ್ಲ. ಊರ ಹಬ್ಬಗಳಲ್ಲಿ ನುಡಿಸೋದು ಶಿನೊಬುಎ, ನೋ ನಾಟಕದಲ್ಲಿ ಕಿವಿ ಸೀಳೋ ಹಾಗೆ ಬರೋದು ನೋಕಾನ್, ಅರಮನೆಯ ಗಗಾಕು ಮೇಳದಲ್ಲಿ ಬರೋದು ರ್ಯೂತೆಕಿ. ಈ ಮೂರೂ ನಮ್ಮ ವೇಣು, ಬಾನ್ಸುರಿ ಥರ ಅಡ್ಡ ಹಿಡಿದು ನುಡಿಸೋವು. ನೀವು ಹುಡುಕ್ತಾ ಇರೋದು, ಧ್ಯಾನ ಜೆನ್ ಅಂತೆಲ್ಲ ಕೇಳಿರೋದು ಶಾಕುಹಾಚಿ, ಅದನ್ನ ಮುಂದಕ್ಕೆ ಚಾಚಿ ಹಿಡೀತಾರೆ. ಮೇಲ್ತುದಿ ಪೂರ್ತಿ ತೆರೆದಿರುತ್ತೆ, ಅದರ ಅಂಚನ್ನ ಒಂದು ಕಡೆ ಓರೆಯಾಗಿ ಕತ್ತರಿಸಿರ್ತಾರೆ, ಆ ಅಂಚಿಗೆ ಉತಾಗುಚಿ ಅಂತ ಹೆಸರು. ಖಾಲಿ ಬಾಟಲಿ ಬಾಯಿಗೆ ಊದಿ ಸದ್ದು ಬರಿಸ್ತೀವಲ್ಲ, ತತ್ವ ಹೆಚ್ಚೂಕಮ್ಮಿ ಅದೇ.

ಅಳತೆ ಗೊತ್ತಿರ್ಲಿ, ಮುಂದೆ ಕೆಲ್ಸಕ್ಕೆ ಬರುತ್ತೆ. ಸಾಮಾನ್ಯ ಶಾಕುಹಾಚಿ 1 ಶಾಕು 8 ಸುನ್ ಉದ್ದ (ಇವು ಜಪಾನಿನ ಹಳೇ ಅಳತೆ, 10 ಸುನ್ ಸೇರಿದ್ರೆ 1 ಶಾಕು), ಅಂದ್ರೆ ಸುಮಾರು 54.5 ಸೆಂಟಿಮೀಟರ್, ಹೆಸರು ಬಂದಿರೋದೂ ಅದ್ರಿಂದಾನೇ, ಹಾಚಿ ಅಂದ್ರೆ ಎಂಟು. ರೆಕಾರ್ಡಿಂಗ್ ಮೇಲೆ 1.8 ಅಂತ ಬರೆದಿದ್ರೆ ಇದೇ, 2.4 ಅಂತ ಇದ್ರೆ ಉದ್ದ ಜಾಸ್ತಿ, ಸ್ವರ ತಗ್ಗು. ಮುಂದೆ ನಾಲ್ಕು ತೂತು, ಹಿಂದೆ ಹೆಬ್ಬೆರಳಿಗೆ ಒಂದು, ಒಟ್ಟು ಐದೇ ಐದು. ಮದಾಕೆ ಅನ್ನೋ ಜಾತಿಯ ಬಿದಿರನ್ನ ಬೇರು ಸಮೇತ ಕಿತ್ತು ಮಾಡ್ತಾರೆ, ಕೆಳತುದಿ ದಪ್ಪಗೆ ಬೇರಿನ ಗುರುತು ಕಾಣ್ತಾ ಇರೋದು ಅದಕ್ಕೇನೇ.

ಐದೇ ತೂತಲ್ಲಿ ಎಲ್ಲಾ ಸ್ವರ ಹೇಗೆ ಅಂತ ಕೇಳ್ಬೇಡಿ ಈಗ್ಲೇ, ಅದೇ 5ನೇ ಹಂತದ ವಿಷ್ಯ.

2. ನಿಜವಾದ ರೆಕಾರ್ಡಿಂಗ್ ಹುಡುಕಿ

ಇಲ್ಲೇ ತುಂಬಾ ಜನ ದಾರಿ ತಪ್ಪೋದು. "ಜೆನ್ ಫ್ಲೂಟ್", "ಜಪಾನೀಸ್ ಮೆಡಿಟೇಶನ್ ಮ್ಯೂಸಿಕ್ 3 ಅವರ್ಸ್" ಅಂತ ಹುಡುಕಿದ್ರೆ ಬರೋದ್ರಲ್ಲಿ ಬಹಳಷ್ಟು ಕೀಬೋರ್ಡಿಂದ ಮಾಡಿದ್ದು, ಹಿಂದೆ ನೀರಿನ ಸದ್ದು ಹಕ್ಕಿ ಕೂಗು ಸೇರಿಸಿ ಮೇಲೊಂದು ಚೆರ್ರಿ ಹೂವಿನ ಫೋಟೋ ಹಾಕಿರ್ತಾರೆ. 1980ರ ದಶಕದಲ್ಲೇ ಶಾಕುಹಾಚಿ ಸ್ವರವನ್ನ ಸಿಂಥಸೈಜರ್‌ಗೆ ಸ್ಯಾಂಪಲ್ ಆಗಿ ಹಾಕಿದ್ರು, ಆಗಿಂದ ಈ ಥರದ್ದು ಬರ್ತಾನೇ ಇದೆ. ನಿದ್ದೆ ಬರ್ಸೋಕೆ ಅದು ಸಾಕಾಗ್ಬಹುದು, ಆದ್ರೆ ಅದನ್ನ ಕೇಳಿ ಶಾಕುಹಾಚಿ ಬೋರು ಅಂತ ತೀರ್ಮಾನ ಮಾಡಿದ್ರೆ ಅನ್ಯಾಯ.

ಅಸಲಿ ಯಾವುದು ಅಂತ ಹೀಗೆ ನೋಡಿ. ನುಡಿಸಿದವರ ಹೆಸರು, ಕೃತಿಯ ಹೆಸರು ಎರಡೂ ಇರ್ಬೇಕು. ಉಸಿರು ಎಳ್ಕೊಳ್ಳೋ ಸದ್ದು ಎಲ್ಲಾದ್ರೂ ಕೇಳ್ಬೇಕು. ಒಂದು ಸ್ವರ ಇನ್ನೊಂದರ ಥರಾನೇ ಇರ್ಬಾರ್ದು, ಪ್ರತಿ ಸಲ ಬಣ್ಣ ಸ್ವಲ್ಪ ಬದಲಾಗಿರ್ಬೇಕು. ಎಲ್ಲಾ ಸ್ವರ ಒಂದೇ ಅಚ್ಚಲ್ಲಿ ಎರಕ ಹೊಯ್ದ ಹಾಗೆ ಬರ್ತಿದ್ರೆ ಮುಂದಕ್ಕೆ ಹೋಗಿ.

ಹುಡುಕೋವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಎಸ್-ಎಚ್-ಎ-ಕೆ-ಯು-ಎಚ್-ಎ-ಸಿ-ಎಚ್-ಐ. ಜೊತೆಗೆ ಎಚ್-ಒ-ಎನ್-ಕೆ-ವೈ-ಒ-ಕೆ-ಯು ಅಂತ ಸೇರ್ಸಿ, ಹೊನ್ಕ್ಯೋಕು ಅಂದ್ರೆ ಶಾಕುಹಾಚಿಗೇ ಅಂತ ಇರೋ ಮೂಲ ಕೃತಿಗಳು, ಹೆಚ್ಚಾಗಿ ಒಬ್ಬರೇ ನುಡಿಸೋವು. ಈ ಒಂದು ಪದ ಸೇರಿಸಿದ್ರೆ ಕಸ ಬಹಳ ಕಮ್ಮಿಯಾಗುತ್ತೆ.

ಕಲಾವಿದರಲ್ಲಿ ಮೊದಲಿಗೆ ಮೂವರು ಸಾಕು. ಯಾಮಾಗುಚಿ ಗೋರೋ (1933-1999), ಯೊಕೊಯಾಮಾ ಕತ್ಸುಯಾ (1934-2010), ವತಾಜುಮಿ ದೋಸೋ (1911-1992). ಜಪಾನಲ್ಲಿ ಮನೆತನದ ಹೆಸರು ಮೊದಲು ಬರುತ್ತೆ, ಹೊರಗಿನ ಆಲ್ಬಮ್‌ಗಳಲ್ಲಿ ತಿರುಗಿಸಿ ಗೋರೋ ಯಾಮಾಗುಚಿ ಅಂತ ಹಾಕಿರ್ತಾರೆ, ಇಬ್ಬರು ಬೇರೆ ಬೇರೆ ಅಂತ ಗೊಂದಲ ಮಾಡ್ಕೋಬೇಡಿ. ಯಾಮಾಗುಚಿಯವರದ್ದು ನಯ, ಒಂದೊಂದು ಸ್ವರಾನೂ ತೂಗಿ ಇಟ್ಟ ಹಾಗೆ. ಯೊಕೊಯಾಮಾ ಅವರದ್ದು ಅಗಲ, ಎದೆಗೆ ಬಂದು ತಾಗುತ್ತೆ. ಅವರ ಗುರುಗಳಲ್ಲಿ ಒಬ್ಬರಾದ ವತಾಜುಮಿ ಒಳಗೆ ಏನೂ ಲೇಪ ಹಾಕದ ಒರಟು ದಪ್ಪ ಬಿದಿರನ್ನೇ ಊದ್ತಿದ್ರು, ಅದಕ್ಕೆ ಹೊಚ್ಚಿಕು, ಧರ್ಮದ ಬಿದಿರು, ಅಂತ ಕರೀತಿದ್ರು. ಅವರನ್ನ ಕೊನೆಗೆ ಇಟ್ಕೊಳ್ಳಿ, ಮೊದಲ ದಿನಾನೇ ಅವರನ್ನ ಹಾಕಿದ್ರೆ ಗಾಬರಿ ಆಗ್ಬಹುದು.

3. ಮೊದಲ ದಿನ ಒಂದೇ ಸ್ವರ ಕೇಳಿ

ಕೃತಿ ಪೂರ್ತಿ ಕೇಳೋ ಹಠ ಬೇಡ. ಮೊದಲ ಒಂದೂವರೆ ನಿಮಿಷ ಹಾಕಿ, ನಿಲ್ಸಿ, ಮತ್ತೆ ಅದೇ ಹಾಕಿ.

ಎಲ್ಲಾ ತೂತು ಮುಚ್ಚಿ ಊದಿದಾಗ ಬರೋ ತಗ್ಗು ಸ್ವರಕ್ಕೆ ರೋ ಅಂತ ಹೆಸರು. ನಮ್ಮ ಸರಿಗಮ ಥರ ಅವರದ್ದು ರೋ, ತ್ಸು, ರೆ, ಚಿ, ರಿ. ಕಲಿಯೋರು ದಿನಾ ಬೆಳಗ್ಗೆ ಈ ರೋ ಒಂದನ್ನೇ ಎಷ್ಟೋ ಹೊತ್ತು ಊದ್ತಾ ಕೂರ್ತಾರೆ, ಅದಕ್ಕೆ ರೋಬುಕಿ ಅಂತಾರೆ. ಹಾಗಾಗಿ ನೀವೂ ಅಲ್ಲಿಂದಾನೇ ಶುರು ಮಾಡಿ. ಕೃತಿ ಶುರುವಾದ ಮೇಲೆ ಒಂದು ಉದ್ದನೆ ತಗ್ಗು ಸ್ವರ ಬರೋವರೆಗೂ ಕಾದು ಅದರ ಒಳಗೆ ಏನೇನು ಆಗುತ್ತೆ ಅಂತ ಗಮನ ಇಡಿ. ಮೊದಲು ಬರೀ ಗಾಳಿ, ಬಿದಿರಿನ ಅಂಚಿಗೆ ಉಸಿರು ಸವರೋ ಸದ್ದು. ಆ ಗಾಳಿಯೊಳಗಿಂದ ಸ್ವರ ನಿಧಾನಕ್ಕೆ ಮೂಡುತ್ತೆ, ಉಬ್ಬುತ್ತೆ, ಗಟ್ಟಿಯಾಗುತ್ತೆ, ಗಟ್ಟಿಯಾದಾಗ ಒಳಗೆ ಒಂದು ಲೋಹದ ಅಂಚು ಬಂದ ಹಾಗಾಗುತ್ತೆ. ಆಮೇಲೆ ಸಣ್ಣದಾಗ್ತಾ ಸಣ್ಣದಾಗ್ತಾ ಹೋಗಿ ಮತ್ತೆ ಗಾಳಿಯಾಗಿ ಕೊನೆಗೆ ನಿಂತಿದ್ದು ಯಾವಾಗ ಅಂತಾನೇ ಗೊತ್ತಾಗಲ್ಲ. ಇಷ್ಟೂ ಒಂದೇ ಉಸಿರಲ್ಲಿ, ಒಂದೇ ಸ್ವರದಲ್ಲಿ. ನಮ್ಮ ಕಡೆ ಸ್ವರಕ್ಕೂ ಗಾಳಿ ಸದ್ದಿಗೂ ಗೆರೆ ಎಳೆದು, ಗಾಳಿ ಕೇಳಿಸಿದ್ರೆ ಫೂತ್ಕಾರ ಸರಿಯಿಲ್ಲ ಅಂತ ಗುರುಗಳು ಬೈತಾರೆ. ಇಲ್ಲಿ ಗಾಳೀನೂ ಸಂಗೀತಾನೇ.

ಇನ್ನೊಂದು ಸಣ್ಣ ಅಭ್ಯಾಸ ಹೇಳ್ತೀನಿ, ತುಂಬಾ ಉಪಯೋಗ ಆಗುತ್ತೆ. ಅವರು ಊದೋಕೆ ಶುರು ಮಾಡಿದಾಗ ನೀವೂ ಮೂಗಿಂದ ಉಸಿರು ಬಿಡೋಕೆ ಶುರು ಮಾಡಿ, ಅವರು ಎಳ್ಕೊಂಡಾಗ ನೀವೂ ಎಳ್ಕೊಳ್ಳಿ. ನಾಲ್ಕೈದು ಉಸಿರು ಆಗೋಷ್ಟರಲ್ಲಿ ಅವರದ್ದು ಎಷ್ಟು ಉದ್ದ ಅಂತ ಮೈಗೇ ಗೊತ್ತಾಗುತ್ತೆ. ಆದ್ರೆ ಹಠಕ್ಕೆ ಬಿದ್ದು ಉಸಿರು ಕಟ್ಬೇಡಿ, ಅವರದ್ದು ವರ್ಷಗಟ್ಟಲೆ ಸಾಧನೆ. ತಲೆ ಸುತ್ತಿದ ಹಾಗಾದ್ರೆ, ಅಥವಾ ನಿಮಗೆ ಆಸ್ತಮಾ ಬಿಪಿ ಇದ್ರೆ, ಈ ಅಭ್ಯಾಸ ಬಿಟ್ಟು ಬರೀ ಕೇಳಿ ಸಾಕು.

4. ಒಂದು ಚಿಕ್ಕ ಕೃತಿ ಹಿಡ್ಕೊಂಡು ಒಂದು ವಾರ ಅದನ್ನೇ ಕೇಳಿ

ನನ್ನ ಆಯ್ಕೆ ತಮುಕೆ. ಸತ್ತವರಿಗೆ, ದೇವರಿಗೆ ಕೈಮುಗಿದು ಅರ್ಪಿಸೋ ಭಾವದ ಕೃತಿ, ಚಿಕ್ಕದು, ದುಃಖ ಇದೆ ಆದ್ರೆ ಗೋಳಾಟ ಇಲ್ಲ. ತಮುಕೆ ಸಿಗ್ಲಿಲ್ಲ ಅಂದ್ರೆ ಹೊನ್‌ಶಿರಾಬೆ ಅಥವಾ ಚೋಶಿ ಅಂತ ಹುಡುಕಿ, ನಮ್ಮಲ್ಲಿ ಕಛೇರಿಗೆ ಮುಂಚೆ ಶ್ರುತಿ ಸೇರ್ಸಿ ಮನಸ್ಸು ಸ್ವರಕ್ಕೆ ತರ್ತೀವಲ್ಲ ಆ ಜಾಗದಲ್ಲಿ ನುಡಿಸೋ ಕೃತಿಗಳು ಅವು.

ದಿನಕ್ಕೆ ಒಂದು ಸಲ, ಅದೇ ಕಲಾವಿದರು, ಅದೇ ರೆಕಾರ್ಡಿಂಗ್. ಮೂರನೇ ದಿನಕ್ಕೆ "ಓ, ಇಲ್ಲಿ ಸ್ವರ ಕೆಳಗೆ ಜಾರುತ್ತೆ" ಅಂತ ಮುಂಚೇನೇ ಗೊತ್ತಾಗೋಕೆ ಶುರುವಾಗುತ್ತೆ. ಮೊದಲ ಸಲ ಗೊತ್ತುಗುರಿಯಿಲ್ಲದೆ ಅಲೆದ ಹಾಗೆ ಕೇಳಿದ್ದೆಲ್ಲ ನಿಜವಾಗ್ಲೂ ಕಟ್ಟಿಟ್ಟಿರೋ ರಚನೆ ಅಂತ ಆಗ ಕಾಣುತ್ತೆ. ಇದು ಮುಖ್ಯ, ಯಾಕಂದ್ರೆ ನಮ್ಮೋರು ತುಂಬಾ ಜನ ಇದನ್ನ ಆಲಾಪನೆ ಅಂತ ಅಂದ್ಕೊಂಡು ಕೇಳ್ತಾರೆ. ತಾಳ ಇಲ್ಲ, ನಿಧಾನ, ಒಬ್ಬರೇ, ಸರಿ, ಹೋಲಿಕೆ ಇದೆ. ಆದ್ರೆ ಆಲಾಪನೆಯಲ್ಲಿ ವಿದ್ವಾಂಸರು ಆ ಕ್ಷಣಕ್ಕೆ ಹುಟ್ಟಿಸ್ತಾರೆ, ಇಲ್ಲಿ ಸ್ವರಗಳು ಮೊದಲೇ ಗೊತ್ತಾಗಿರೋವು, ಗುರುವಿಂದ ಶಿಷ್ಯನಿಗೆ ಬಂದಿರೋವು, ಮೇಲಿಂದ ಕೆಳಗೆ ಬರೆಯೋ ಲಿಪಿಯಲ್ಲಿ ಬರೆದೂ ಇಟ್ಟಿರ್ತಾರೆ. ಒಂದೊಂದು ಸ್ವರ ಎಷ್ಟು ಉದ್ದ ನಿಲ್ಬೇಕು, ಹೇಗೆ ತುಂಬ್ಬೇಕು ಅನ್ನೋದ್ರಲ್ಲಿ ನುಡಿಸೋರ ಸ್ವಾತಂತ್ರ್ಯ. ಹಾಗಾಗಿ ಮುಂದೆ ಯಾವ ಸಂಗತಿ ಹಾಕ್ತಾರೆ ಅಂತ ಕಾಯ್ಬೇಡಿ. ಬರೋ ಸ್ವರ ಗೊತ್ತಿದ್ದೂ ಅದು ಇವತ್ತು ಹೇಗೆ ಬರುತ್ತೆ ಅಂತ ಕಾಯೋದು ಇಲ್ಲಿಯ ಸುಖ.

ಈ ಕೃತಿಗಳು ಬಂದಿದ್ದು ಎಲ್ಲಿಂದ ಅಂತ ತಿಳ್ಕೊಂಡ್ರೆ ಇಷ್ಟು ನಿಧಾನ ಯಾಕೆ ಅಂತಾನೂ ಗೊತ್ತಾಗುತ್ತೆ. ಎಡೋ ಕಾಲದಲ್ಲಿ, ಅಂದ್ರೆ 17ರಿಂದ 19ನೇ ಶತಮಾನ, ಫುಕೆ ಅನ್ನೋ ಜೆನ್ ಬೌದ್ಧ ಪಂಥದ ಕೊಮುಸೋ ಸಾಧುಗಳು ತಲೆ ಪೂರ್ತಿ ಮುಚ್ಚೋ ಹುಲ್ಲಿನ ಬುಟ್ಟಿಯಂಥ ಟೋಪಿ ಹಾಕ್ಕೊಂಡು ಊರೂರು ತಿರುಗಿ ಶಾಕುಹಾಚಿ ಊದಿ ಭಿಕ್ಷೆ ಬೇಡ್ತಿದ್ರು. ಅವರಲ್ಲಿ ಒಡೆಯನಿಲ್ಲದ ಸಮುರಾಯ್‌ಗಳು ಬಹಳ ಜನ ಇದ್ರು. ಅವರಿಗೆ ಊದೋದೇ ಧ್ಯಾನ, ಸುಇಜೆನ್ ಅಂತಾರೆ, ಊದೋ ಜೆನ್. ಎದುರಿಗೆ ಸಭೆ ಕೂತಿರಲಿಲ್ಲ, ಚಪ್ಪಾಳೆ ಬೇಕಿರಲಿಲ್ಲ. ಆ ಪಂಥದಲ್ಲಿದ್ದ ಕುರೊಸಾವಾ ಕಿಂಕೋ (1710-1771) ಬೇರೆ ಬೇರೆ ಮಠಗಳ ಕೃತಿಗಳನ್ನ ಸಂಗ್ರಹಿಸಿದ್ರು, ಅವೇ ಮುಂದೆ ಕಿಂಕೋ ಪರಂಪರೆಯ 36 ಹೊನ್ಕ್ಯೋಕುಗಳು ಅಂತ ನಿಂತವು. 1871ರಲ್ಲಿ ಮೇಜಿ ಸರ್ಕಾರ ಫುಕೆ ಪಂಥಾನೇ ರದ್ದು ಮಾಡ್ತು, ಅಲ್ಲಿಂದ ಶಾಕುಹಾಚಿ ಮಠ ಬಿಟ್ಟು ಪೂರ್ತಿ ಜನರ ಮಧ್ಯೆ ಬಂತು.

5. ತಲೆ ಅಲ್ಲಾಡೋದನ್ನ ನೋಡಿ

ಈ ಹಂತಕ್ಕೆ ವಿಡಿಯೋನೇ ಬೇಕು, ಆಡಿಯೋ ಸಾಲಲ್ಲ. ಯಾರಾದ್ರೂ ಹೊನ್ಕ್ಯೋಕು ನುಡಿಸೋ ವಿಡಿಯೋ ಹಾಕಿ ಬೆರಳು ಬಿಟ್ಟು ಗದ್ದ ನೋಡಿ.

ಗದ್ದ ಕೆಳಗೆ ಬಾಗಿದಾಗ ತುಟಿಗೂ ಅಂಚಿಗೂ ಇರೋ ಸಂದು ಕಿರಿದಾಗುತ್ತೆ, ಸ್ವರ ತಗ್ಗುತ್ತೆ, ಜೊತೆಗೆ ಮಂಕಾಗುತ್ತೆ, ಒಳಗಿಂದ ಬಂದ ಹಾಗಾಗುತ್ತೆ. ಇದು ಮೆರಿ. ಗದ್ದ ಮೇಲೆತ್ತಿದ್ರೆ ಸ್ವರ ಏರುತ್ತೆ, ಹೊಳೆಯುತ್ತೆ. ಅದು ಕರಿ. ಐದು ತೂತಲ್ಲಿ ಎಲ್ಲಾ ಸ್ವರ ಬರೋ ಗುಟ್ಟು ಇದೇ, ತೂತನ್ನ ಅರ್ಧ ಮುಚ್ಚೋದು ಮತ್ತೆ ಗದ್ದದ ಈ ಏರಿಳಿತ. ಒಂದೇ ಸ್ವರಾನ ಕರಿಯಲ್ಲಿ ಊದಿದ್ರೆ ಒಂದು ಬಣ್ಣ, ಬೇರೆ ಬೆರಳು ಇಟ್ಟು ಮೆರಿಯಲ್ಲಿ ಊದಿದ್ರೆ ಇನ್ನೊಂದು ಬಣ್ಣ, ಯಾವುದು ಎಲ್ಲಿ ಅಂತ ಕೃತೀನೇ ಹೇಳುತ್ತೆ. ಈ ನೆರಳು ಬೆಳಕಿನ ಆಟ ಒಂದು ಸಲ ಕಿವಿಗೆ ಸಿಕ್ತು ಅಂದ್ರೆ ಆಮೇಲೆ ನಿಮಗೆ ಬೇಜಾರು ಅನ್ನೋದೇ ಬರಲ್ಲ, ಇದು ನನ್ನ ಗಟ್ಟಿ ನಂಬಿಕೆ.

ಇಲ್ಲಿ ನಮ್ಮ ಕಿವಿ ಮಾಡೋ ದೊಡ್ಡ ತಪ್ಪು ಅಂದ್ರೆ ಅಪಶ್ರುತಿ ಅಂದುಬಿಡೋದು. ಮೆರಿ ಸ್ವರಗಳನ್ನ, ಅದರಲ್ಲೂ ತ್ಸು ಮೆರಿ ಅನ್ನೋದನ್ನ, ಹೊನ್ಕ್ಯೋಕುವಿನಲ್ಲಿ ಪಿಯಾನೋ ಅಳತೆಗಿಂತ ಇನ್ನೂ ತಗ್ಗಿಸೇ ನುಡಿಸ್ತಾರೆ. ಅದು ಬೇಕು ಅಂತಾನೇ ಮಾಡೋದು. ಟ್ಯೂನರ್ ಆ್ಯಪ್ ಹಿಡ್ಕೊಂಡು ಕೂರ್ಬೇಡಿ.

ಇನ್ನು ಕೆಲವು ಪದ ಗೊತ್ತಿದ್ರೆ ಕೇಳೋಕೆ ಅನುಕೂಲ. ಯುರಿ ಅಂದ್ರೆ ತಲೆ ಅಲ್ಲಾಡಿಸಿ ಸ್ವರಕ್ಕೆ ಕೊಡೋ ಕಂಪನ. ಸುರಿ ಅಂದ್ರೆ ಜಾರು. ಮುರಾಇಕಿ ಅಂದ್ರೆ ನಾನು ಆಗ್ಲೇ ಎಚ್ಚರಿಸಿದ ಆ ಉಸಿರಿನ ಸ್ಫೋಟ. ಕೊರೊಕೊರೊ ಅಂದ್ರೆ ಕೆಳಗಿನ ಎರಡು ತೂತನ್ನ ಒಂದಾದ ಮೇಲೊಂದು ಬೇಗ ಬೇಗ ತೆರೆದು ಮುಚ್ಚಿ ಬರಿಸೋ ಗುಳುಗುಳು ಸ್ವರ. ತಮಾನೆ ಅಂದ್ರೆ ಗಂಟಲನ್ನೋ ನಾಲಿಗೆಯನ್ನೋ ನಡುಗಿಸಿ ಊದೋದು. ತಗ್ಗು ಸ್ಥಾಯಿಗೆ ಒತ್ಸು, ಮೇಲಿನದಕ್ಕೆ ಕಾನ್. "ತಲೆ ಅಲ್ಲಾಡಿಸೋಕೆ ಮೂರು ವರ್ಷ, ಕೊರೊಕೊರೊಗೆ ಎಂಟು ವರ್ಷ" ಅಂತ ಅವರಲ್ಲಿ ಗಾದೇನೇ ಇದೆ.

ಕೊಳಲು ಕಲಿತವರಿಗೆ ಇನ್ನೊಂದು ಮಾತು. ನಾವು ಸ್ವರ ಬಿಡಿಸೋಕೆ ತುತ್ತುಕಾರ ಹಾಕ್ತೀವಲ್ಲ, ನಾಲಿಗೆಯಿಂದ ತು ತು ಅಂತ, ಹೊನ್ಕ್ಯೋಕುವಿನಲ್ಲಿ ಅದು ಇಲ್ಲ. ಅದೇ ಸ್ವರ ಎರಡು ಸಲ ಬರ್ಬೇಕಾದ್ರೆ ಉಸಿರು ನಿಲ್ಸದೆ ಬೆರಳಿಂದ ತೂತನ್ನ ಟಪ್ ಅಂತ ಒಮ್ಮೆ ತಟ್ತಾರೆ. ಹೆಡ್‌ಫೋನಲ್ಲಿ ಗಮನ ಇಟ್ರೆ ಆ ತಟ್ಟು ಸ್ಪಷ್ಟವಾಗಿ ಕೇಳುತ್ತೆ.

6. ರಾಗ ಹುಡುಕಿ, ಆದ್ರೆ ಬೇಗ ಬಿಟ್ಟುಬಿಡಿ

ಹುಡುಕ್ಬೇಡಿ ಅಂದ್ರೂ ನೀವು ಹುಡುಕೇ ಹುಡುಕ್ತೀರ ಅಂತ ಗೊತ್ತು, ಅದಕ್ಕೇ ಉತ್ತರ ಹೇಳ್ಬಿಡ್ತೀನಿ. ಎಲ್ಲಾ ತೂತು ಮುಚ್ಚಿದ ಸ್ವರಾನ ಷಡ್ಜ ಅಂತ ಇಟ್ಕೊಂಡು ಕೆಳಗಿಂದ ಒಂದೊಂದೇ ತೆಗೀತಾ ಹೋದ್ರೆ ಬರೋದು ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಅಂದ್ರೆ ಶುದ್ಧ ಧನ್ಯಾಸಿಯ ಸ್ವರಗಳು. ಆದ್ರೆ ಕೃತಿಗಳಲ್ಲಿ ಹೆಚ್ಚಾಗಿ ಕೇಳೋ ಆ ಜಪಾನೀ ವಿಷಾದ ಬರೋದು ಮಿಯಾಕೊಬುಶಿ ಅನ್ನೋ ಇನ್ನೊಂದು ಸ್ವರಗುಂಪಿಂದ, ಅದು ಷಡ್ಜ, ಶುದ್ಧ ರಿಷಭ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ. ಕರ್ನಾಟಕ ಸಂಗೀತದೋರು ಇದನ್ನ ಕರ್ನಾಟಕ ಶುದ್ಧ ಸಾವೇರಿಯ ಸ್ವರ ಅಂತ ಗುರುತಿಸ್ತಾರೆ, ಧಾರವಾಡದ ಕಡೆ ಹಿಂದೂಸ್ತಾನಿ ಕೇಳಿ ಬೆಳೆದೋರಿಗೆ ಗುಣಕಲಿ ನೆನಪಾಗುತ್ತೆ.

ಸ್ವರ ಒಂದೇ ಅಂದ ಮಾತ್ರಕ್ಕೆ ರಾಗ ಒಂದೇ ಅಲ್ಲ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಹಿಂದೆ ತಂಬೂರಿ ಇಲ್ಲ, ನಿಂತ ಷಡ್ಜ ಅಂತ ಒಂದಿಲ್ಲ, ಕೃತಿ ನಡೀತಾ ನಡೀತಾ ಆಧಾರ ಸ್ವರಾನೇ ಬೇರೆ ಕಡೆ ಸರಿಯುತ್ತೆ. ಶ್ರುತಿಪೆಟ್ಟಿಗೆ ಆ್ಯಪ್ ಹಾಕ್ಕೊಂಡು ಜೊತೆಗೆ ಕೇಳೋ ಪ್ರಯೋಗ ಕೆಲವರು ಮಾಡ್ತಾರೆ, ಬೇಡ. ಮಧ್ಯೆ ಬರೋ ಮೌನಾನ ಆ ಶ್ರುತಿ ತಿಂದುಹಾಕುತ್ತೆ.

7. ಮೌನ ಬಂದಾಗ ಕೈ ಮೊಬೈಲ್‌ಗೆ ಹೋಗದ ಹಾಗೆ ನೋಡ್ಕೊಳ್ಳಿ

ಎರಡು ಉಸಿರಿನ ಮಧ್ಯೆ ಸದ್ದಿಲ್ಲದ ಜಾಗ ಬರುತ್ತಲ್ಲ, ಅದಕ್ಕೆ ಮಾ ಅಂತಾರೆ. ನುಡಿಸೋರು ಅದನ್ನೂ ನುಡಿಸ್ತಾರೆ, ಅಷ್ಟೇ ಎಚ್ಚರದಲ್ಲಿ. ಹಿಂದಿನ ಸ್ವರ ಕಿವಿಯಲ್ಲಿ ಪೂರ್ತಿ ಕರಗೋವರೆಗೂ ಕಾದು ಮುಂದಿನದ್ದು ಎತ್ಕೋತಾರೆ. ನಾವು ಏನ್ಮಾಡ್ತೀವಿ ಅಂದ್ರೆ ಆ ನಾಲ್ಕು ಸೆಕೆಂಡಲ್ಲಿ ಮೆಸೇಜ್ ನೋಡಿಬಿಡ್ತೀವಿ, ಅಥವಾ ನೆಟ್ ಹೋಯ್ತಾ ಅಂತ ಸ್ಕ್ರೀನ್ ಆನ್ ಮಾಡ್ತೀವಿ. ಫೋನ್ ಉಲ್ಟಾ ಇಡಿ. ಜಾಹೀರಾತು ಬರೋ ಆ್ಯಪ್‌ನಲ್ಲಂತೂ ಕೇಳ್ಲೇಬೇಡಿ, ಇಲ್ಲಾಂದ್ರೆ ಮೊದಲೇ ಡೌನ್‌ಲೋಡ್ ಮಾಡ್ಕೊಂಡು ಆಫ್‌ಲೈನಲ್ಲಿ ಕೇಳಿ.

ನಿದ್ದೆ ಬಂದ್ರೆ? ಬರ್ಲಿ, ಮಲ್ಕೊಳ್ಳಿ, ನಾಳೆ ಕೇಳಿ. ಆದ್ರೆ ದಿನಾ ನಿದ್ದೆಗೇ ಅಂತ ಹಾಕ್ಬೇಡಿ, ಕಿವಿ ಅದನ್ನ ನಿದ್ದೆಯ ಗುರುತು ಅಂತ ಕಲ್ತುಬಿಟ್ರೆ ಆಮೇಲೆ ಎಚ್ಚರದಲ್ಲಿ ಕೇಳೋದು ಕಷ್ಟ.

8. ಕೊಕ್ಕರೆ, ಜಿಂಕೆ, ಗಂಟೆ

ಈಗ ದೊಡ್ಡ ಕೃತಿಗಳಿಗೆ ಹೋಗ್ಬಹುದು. ಇವುಗಳ ಹಿಂದೆ ಒಂದು ಚಿತ್ರಾನೋ ಕಥೇನೋ ಇರೋದ್ರಿಂದ ಹಿಡಿಯೋಕೆ ಸುಲಭ.

ತ್ಸುರು ನೊ ಸುಗೊಮೊರಿ, ಕ್ರೌಂಚ ಪಕ್ಷಿಗಳು ಗೂಡು ಕಟ್ಟಿ ಮರಿ ಸಾಕೋದು. ತಮಾನೆ ಮತ್ತೆ ಕೊರೊಕೊರೊ ಇದರಲ್ಲಿ ಧಾರಾಳ, ರೆಕ್ಕೆ ಬಡಿತ, ಹಕ್ಕಿ ಕೂಗು ಎಲ್ಲಾ ಅದರಿಂದಾನೇ ಬರಿಸ್ತಾರೆ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಯಾಮಾಗುಚಿ ಗೋರೋ ನುಡಿಸಿದ ಈ ಕೃತಿ ಇದೆ, 4 ನಿಮಿಷ 51 ಸೆಕೆಂಡ್. ಅದೇ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ "ಜಾತ್ ಕಹಾಂ ಹೋ" ಕೂಡ ಇದೆ. ಎರಡನ್ನೂ ಒಂದೇ ದಿನ ಒಂದಾದ ಮೇಲೊಂದು ಕೇಳಿ ನೋಡಿ, ಎರಡೂ ಸುಲಭವಾಗಿ ಸಿಗುತ್ತೆ. ಕೇಸರಬಾಯಿಯವರ ದನಿ ಎಲ್ಲೂ ಜಾಗ ಬಿಡದೆ ತುಂಬ್ತಾ ಹೋಗುತ್ತೆ, ಯಾಮಾಗುಚಿಯವರು ಜಾಗ ಬಿಡ್ತಾ ಬಿಡ್ತಾ ಹೋಗ್ತಾರೆ. ಶಾಕುಹಾಚಿ ಏನು ಅಂತ ನಮ್ಮೋರಿಗೆ ಅರ್ಥ ಮಾಡ್ಸೋಕೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಸಿಕ್ಕಿಲ್ಲ.

ಶಿಕಾ ನೊ ತೋನೆ ಅಂದ್ರೆ ದೂರದ ಜಿಂಕೆಯ ಕೂಗು. ಇದು ಇಬ್ಬರು ನುಡಿಸೋದು, ಶರತ್ಕಾಲದ ಕಾಡಲ್ಲಿ ಗಂಡು ಜಿಂಕೆಗಳು ಒಂದಕ್ಕೊಂದು ಕೂಗಿ ಉತ್ತರ ಕೊಡೋ ಹಾಗೆ. ಹೆಡ್‌ಫೋನ್ ಹಾಕಿದ್ರೆ ಒಬ್ಬರು ಎಡಗಡೆ ಒಬ್ಬರು ಬಲಗಡೆ ಕೇಳೋ ರೆಕಾರ್ಡಿಂಗ್ ಆರಿಸ್ಕೊಳ್ಳಿ. ಇಬ್ಬರೂ ದೂರ ದೂರ ನಿಂತು ಶುರು ಮಾಡಿ, ಕೊನೆಗೆ ಕೂಗುಗಳು ಒಂದರ ಮೇಲೊಂದು ಬೀಳ್ತವೆ. ನನಗೆ ಅತಿ ಇಷ್ಟದ ಕೃತಿ ಇದು, ಅದಕ್ಕೇ ಎಲ್ರಿಗೂ ಹೇಳ್ತಾನೇ ಇರ್ತೀನಿ.

ಕೊಕೂ, ಮುಕೈಜಿ, ಕ್ಯೋರೇ ಈ ಮೂರನ್ನ ಹಳೇ ಮೂರು ಕೃತಿಗಳು ಅಂತ ಗೌರವದಿಂದ ನೋಡ್ತಾರೆ. ಗಂಟೆ ಬಾರಿಸ್ತಾ ತಿರುಗ್ತಿದ್ದ ಫುಕೆ ಅನ್ನೋ ಚೀನೀ ಸಾಧು (ಫುಕೆ ಪಂಥದ ಹೆಸರು ಇವರದ್ದೇ), ಕನಸಲ್ಲಿ ಕೇಳಿದ ಕೊಳಲು, ಮಂಜು ಮುಸುಕಿದ ಸಮುದ್ರ ಅಂತ ಕಥೆಗಳಿವೆ, ದಂತಕಥೆ ಅಂತಾನೇ ಓದಿ. ಕ್ಯೋರೇ ಅಂತೂ ಬರೀ ಉದ್ದುದ್ದ ಸ್ವರ, ಅಲಂಕಾರ ಹತ್ರತ್ರ ಇಲ್ವೇ ಇಲ್ಲ. ಇದನ್ನ ಮೊದಲ ತಿಂಗಳಲ್ಲಿ ಕೇಳ್ಬೇಡಿ. ಕೊಕೂಗೆ ಯಾಮಾಗುಚಿಯವರ 1969ರ "ಎ ಬೆಲ್ ರಿಂಗಿಂಗ್ ಇನ್ ದಿ ಎಂಪ್ಟಿ ಸ್ಕೈ" ಆಲ್ಬಮ್ ಇದೆ.

9. ಒಂದೇ ಹೆಸರು, ಬೇರೆ ಬೇರೆ ಕೃತಿ

ಇದು ಗೊತ್ತಿಲ್ದೆ ತುಂಬಾ ಜನ ತಲೆ ಕೆಡಿಸ್ಕೋತಾರೆ. ತ್ಸುರು ನೊ ಸುಗೊಮೊರಿ ಅಂತ ಹುಡುಕಿ ನಾಲ್ಕು ಜನರದ್ದು ಕೇಳಿದ್ರೆ ನಾಲ್ಕೂ ಬೇರೆ ಬೇರೆ ಇರ್ಬಹುದು, ಯಾಕಂದ್ರೆ ಬೇರೆ ಬೇರೆ ಮಠಗಳಲ್ಲಿ ಅದೇ ಹೆಸರಲ್ಲಿ ಬೇರೆ ಪಾಠ ಬೆಳೆದಿದೆ. ಉಲ್ಟಾನೂ ಇದೆ, ಕಿಂಕೋ ಪರಂಪರೆಯಲ್ಲಿ ಆ ಕೃತಿಗೆ ಸೋಕಾಕು ರೇಬೋ ಅಂತ ಹೆಸರು. ಹಾಗಾಗಿ ಹೆಸರಿನ ಜೊತೆ ಪರಂಪರೆ ಯಾವುದು ಅಂತ ನೋಡಿ. ಸ್ಥೂಲವಾಗಿ ಮೂರು ನೆನಪಿಟ್ಕೊಳ್ಳಿ ಸಾಕು. ಕಿಂಕೋ, ನಯ ಮತ್ತೆ ಸೂಕ್ಷ್ಮ. ಮ್ಯೋಆನ್, ಕ್ಯೋಟೋದ ಮಠದ ದಾರಿ, ಸಾದಾ, ಭಕ್ತಿಯ ಊದುವಿಕೆ. ತೋಜಾನ್, ನಕಾವೋ ತೋಜಾನ್ ಅವರು 1896ರಲ್ಲಿ ಒಸಾಕಾದಲ್ಲಿ ಶುರು ಮಾಡಿದ್ದು, ಹೊಸ ರಚನೆಗಳು, ಹಲವರು ಸೇರಿ ನುಡಿಸೋದು ಜಾಸ್ತಿ. ಇವುಗಳ ಜೊತೆ ಉತ್ತರದ ಹಿರೊಸಾಕಿ ಊರಿನ ಕಿಂಪು ಪರಂಪರೆಯ ಒಂದು ಕೃತಿಯಾದ್ರೂ ಕೇಳಿ, ಉದಾಹರಣೆಗೆ ಸಗಾರಿಹಾ. ಅವರದ್ದು ಕೊಮಿಬುಕಿ ಅಂತ ವಿಧಾನ, ಉಸಿರನ್ನ ಒತ್ತೊತ್ತಿ ಅಲೆ ಅಲೆಯಾಗಿ ಬಿಡ್ತಾರೆ, ಬೇರೆಲ್ಲೂ ಹಾಗೆ ಕೇಳಲ್ಲ.

10. ಒಬ್ಬರೇ ಊದೋದು ಸಾಕು ಅನ್ನಿಸಿದಾಗ

ಕೊತೋ, ಶಾಮಿಸೆನ್ ಅನ್ನೋ ಎರಡು ತಂತಿವಾದ್ಯ, ಜೊತೆಗೆ ಶಾಕುಹಾಚಿ, ಮೂರೂ ಸೇರಿದ ಮೇಳಕ್ಕೆ ಸಾಂಕ್ಯೋಕು ಅಂತಾರೆ. ಲಯ ಇದೆ, ಹಾಡೂ ಇದೆ, ಕಿವಿಗೆ ಸುಲಭ. ಎಲ್ಲಕ್ಕಿಂತ ಸುಲಭ ಅಂದ್ರೆ ಹರು ನೊ ಉಮಿ, ವಸಂತದ ಸಮುದ್ರ, ದೃಷ್ಟಿ ಇಲ್ಲದ ಕೊತೋ ಕಲಾವಿದ ಮಿಯಾಗಿ ಮಿಚಿಯೋ 1929ರಲ್ಲಿ ಕೊತೋ ಮತ್ತೆ ಶಾಕುಹಾಚಿಗೆ ಅಂತ ರಚಿಸಿದ್ದು. ಜಪಾನಲ್ಲಿ ಹೊಸ ವರ್ಷದ ಸಮಯಕ್ಕೆ ಅಂಗಡಿ, ಟಿವಿ ಎಲ್ಲಾ ಕಡೆ ಇದೇ ಕೇಳುತ್ತೆ. ಮನೆಯಲ್ಲಿ ಹೊನ್ಕ್ಯೋಕು ಯಾರಿಗೂ ಹಿಡಿಸ್ಲಿಲ್ಲ ಅಂದ್ರೆ ಅವರಿಗೆ ಇದನ್ನ ಹಾಕಿ ಕೊಡಿ.

ಸಾಹಸ ಬೇಕು ಅನ್ನೋರಿಗೆ ಸಂಯೋಜಕ ತಾಕೆಮಿತ್ಸು ತೋರು ಅವರ ನವೆಂಬರ್ ಸ್ಟೆಪ್ಸ್. 1967ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಮೊದಲ ಸಲ ನುಡಿಸ್ತು, ನಡೆಸಿದ್ದು ಓಜಾವಾ ಸೇಜಿ, ಶಾಕುಹಾಚಿ ಯೊಕೊಯಾಮಾ ಕತ್ಸುಯಾ, ಬಿವಾ ಅನ್ನೋ ತಂತಿವಾದ್ಯ ತ್ಸುರುತಾ ಕಿನ್ಶಿ. ಆರ್ಕೆಸ್ಟ್ರಾ ಮತ್ತೆ ಈ ಇಬ್ಬರೂ ಬೆರೆಯೋಕೆ ಹೋಗಲ್ಲ, ಎದುರುಬದುರು ನಿಂತಿರ್ತಾರೆ. ಮಧ್ಯೆ ಆರ್ಕೆಸ್ಟ್ರಾ ಸುಮ್ಮನಾಗಿ ಶಾಕುಹಾಚಿ, ಬಿವಾ ಎರಡೇ ಉಳಿಯೋ ಜಾಗ ತುಂಬಾ ಹೊತ್ತು ಇದೆ, ಅಷ್ಟು ಹೊತ್ತಿಗೆ ನಿಮಗೆ ಮೆರಿ, ಮುರಾಇಕಿ ಎಲ್ಲಾ ಗುರುತು ಸಿಗುತ್ತೆ.

11. ಎದುರಿಗೆ ಕೂತು ಕೇಳೋ ಅವಕಾಶ ಸಿಕ್ರೆ

ಜಪಾನಲ್ಲಿ ಕೆಲ್ಸಕ್ಕೆ ಅಂತ ಇರೋ ಕನ್ನಡದೋರು, ಟೂರ್ ಹೋಗೋರು ಕ್ಯೋಟೋಗೆ ಹೋದಾಗ ತೋಫುಕುಜಿ ದೇವಸ್ಥಾನದ ಆವರಣದ ಕಡೆ ಹೋಗಿ, ಕೊಮುಸೋಗಳ ಮ್ಯೋಆನ್‌ಜಿ ಮಠ ಅಲ್ಲೇ ಇದೆ. ಇನ್ನೂ ಹಿಂದಕ್ಕೆ ಹೋಗ್ಬೇಕು ಅನ್ನೋರಿಗೆ ನಾರಾದ ಶೋಸೋಇನ್ ಭಂಡಾರದಲ್ಲಿ 8ನೇ ಶತಮಾನದ ಶಾಕುಹಾಚಿಗಳು ಉಳಿದಿವೆ, ಅವಕ್ಕೆ ಆರು ತೂತು. ಅಲ್ಲಿಯ ವಸ್ತುಗಳಲ್ಲಿ ಕೆಲವನ್ನ ಮಾತ್ರ ಪ್ರತಿ ವರ್ಷ ಶರತ್ಕಾಲದಲ್ಲಿ ನಾರಾ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಇಡ್ತಾರೆ, ಆ ವರ್ಷದ ಪಟ್ಟಿ ನೋಡ್ಕೊಂಡು ಹೋಗಿ.

ಕಛೇರಿಯಲ್ಲಿ ಎರಡು ವಿಷ್ಯ ನೆನಪಿಡಿ. ಮಧ್ಯೆ ಭೇಷ್, ಆಹಾ ಅಂತ ಹೇಳೋ ನಮ್ಮ ಅಭ್ಯಾಸ ಅಲ್ಲಿ ಬೇಡ. ಕೊನೇ ಸ್ವರ ಮುಗೀತು ಅನ್ನಿಸಿದ ತಕ್ಷಣ ಚಪ್ಪಾಳೆಯೂ ಬೇಡ, ನುಡಿಸೋರು ಕೊಳಲನ್ನ ಬಾಯಿಂದ ಕೆಳಗೆ ಇಳಿಸೋವರೆಗೂ ಕಾಯಿರಿ, ಕೃತಿ ಮುಗಿಯೋದು ಆವಾಗ. ಸಾಧ್ಯ ಆದ್ರೆ ಮುಂದಿನ ಸಾಲಲ್ಲೇ ಕೂತ್ಕೊಳ್ಳಿ, ಮೈಕ್ ಇಲ್ದೇ ನುಡಿಸೋ ಜಾಗ ಆದ್ರೆ ಇನ್ನೂ ಒಳ್ಳೇದು.

ಕೇಳಿ ಕೇಳಿ ಊದ್ಬೇಕು ಅನ್ನಿಸಿದ್ರೆ ಮೊದಲೇ ಬಿದಿರಿಗೆ ದುಡ್ಡು ಹಾಕ್ಬೇಡಿ. ಒಳ್ಳೆ ಬಿದಿರಿನ ಶಾಕುಹಾಚಿ ತುಂಬಾ ದುಬಾರಿ, ಒಣಹವೆಗೆ ಬಿರುಕು ಬಿಡೋ ಅಪಾಯಾನೂ ಇದೆ, ಅಗ್ಗಕ್ಕೆ ಸಿಗೋದು ಎಷ್ಟೋ ಸಲ ಗೋಡೆಗೆ ನೇತುಹಾಕೋ ಅಲಂಕಾರದ ಸಾಮಾನು, ಸ್ವರ ಸೇರಲ್ಲ. ಕಲಿಯೋರಿಗೆ ಅಂತಾನೇ ಪ್ಲಾಸ್ಟಿಕ್ಕಿನ 1.8 ಶಾಕುಹಾಚಿಗಳು ಬರುತ್ತೆ, ಅದು ಸಾಕು. ಮೊದಲ ಕೆಲವು ದಿನ ಸ್ವರಾನೇ ಬರ್ದೇ ಬರೀ ಗಾಳಿ ಬಂದ್ರೆ ಹೆದರ್ಬೇಡಿ, ಎಲ್ರಿಗೂ ಹಾಗೇ ಆಗೋದು. ಎಲ್ಲಾ ತೂತು ಮುಚ್ಚಿ ತಗ್ಗು ರೋ ಬರೋದು ಹೊಸಬರಿಗೆ ಕಷ್ಟ, ಅದಕ್ಕೇ ತೂತು ಎಲ್ಲಾ ತೆರೆದಿಟ್ಟು ಮೇಲಿನ ಸ್ವರದಿಂದ ಶುರು ಮಾಡಿ, ಅದು ನಿಂತ ಮೇಲೆ ಮೇಲಿಂದ ಒಂದೊಂದೇ ಬೆರಳು ಮುಚ್ಚುತ್ತಾ ಕೆಳಗೆ ಬನ್ನಿ.